ಸ್ಥಿರ ಕಡತಗಳ ವಿತರಣೆ

ವೆಬ್ ಸರ್ವರೊಂದು ತನ್ನ ಸಂಗ್ರಹದಲ್ಲಿರುವ ಕಡತವನ್ನು, ಕೇಳಿದವರು ಯಾರೇ ಆಗಿರಲಿ, ಕೇಳಿದ ಹೊತ್ತು ಯಾವುದೇ ಆಗಿರಲಿ, ಒಂದು ಬೈಟೂ ಹೆಚ್ಚುಕಡಿಮೆಯಾಗದಂತೆ ಇದ್ದುದನ್ನು ಇದ್ದ ಹಾಗೆಯೇ ಬ್ರೌಸರಿಗೆ ಒಪ್ಪಿಸುವ ಕಾರ್ಯಕ್ಕೆ ಸ್ಥಿರ ಕಡತಗಳ ವಿತರಣೆಯೆಂದು ಹೆಸರು. ಚಿತ್ರಗಳು, ಫಾಂಟುಗಳು, ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್, ಪುಟಕ್ಕೆ ಚಲನೆಯನ್ನು ಕೊಡುವ ಜಾವಾಸ್ಕ್ರಿಪ್ಟ್, ಪಿಡಿಎಫ್, ಧ್ವನಿ, ವಿಡಿಯೊ ಮೊದಲಾದವೆಲ್ಲ ಸಾಮಾನ್ಯವಾಗಿ ಈ ವರ್ಗಕ್ಕೆ ಸೇರತಕ್ಕವು. ಕೇಳಿದವರ ಗುರುತನ್ನೂ ಡೇಟಾಬೇಸಿನ ಆ ಕ್ಷಣದ ಸ್ಥಿತಿಯನ್ನೂ ನೋಡಿ ಅಪ್ಲಿಕೇಷನ್ ಆಗಿಂದಾಗಲೇ ರಚಿಸಿಕೊಡುವ ಪುಟಗಳು ಇದಕ್ಕೆ ಪ್ರತಿಯಾದ ಚರವರ್ಗದವು. ಬ್ಯಾಂಕಿನ ಖಾತೆಯ ವಿವರ, ರೈಲಿನಲ್ಲಿ ಉಳಿದಿರುವ ಆಸನಗಳ ಪಟ್ಟಿ ಇವು ನಿದರ್ಶನಗಳು. ಓದುಗನು ಒಂದು ಪುಟವನ್ನು ತೆರೆದಾಗ ಚರವಾದ ಉತ್ತರ ಒಂದೋ ಎರಡೋ ಹೋದರೆ ಅದರ ಬೆನ್ನಿಗೇ ಹೋಗುವ ಸ್ಥಿರ ಕಡತಗಳು ಹತ್ತಾರು ಇರುವುದುಂಟು. ಮೇಲ್ನೋಟಕ್ಕೆ ವಿವೇಚನೆಯ ಅಗತ್ಯವೇ ಇಲ್ಲದ ಯಾಂತ್ರಿಕ ಕ್ರಿಯೆಯಂತೆ ತೋರುವ ಈ ಕಾರ್ಯದಲ್ಲಿ ಸರ್ವರಿನ ಮೇಲೆ ಬೀಳುವ ಹೊಣೆ ಸಣ್ಣದಲ್ಲ: ತಾನು ಕೊಡುತ್ತಿರುವ ವಸ್ತು ಏನೆಂಬುದನ್ನು ಅದು ಸತ್ಯವಾಗಿ ಹೇಳಬೇಕು, ಅದನ್ನು ಎಲ್ಲಿಯವರೆಗೆ ನಂಬಬಹುದೆಂಬುದನ್ನು ಸ್ಪಷ್ಟಪಡಿಸಬೇಕು, ಕೊಡಬಾರದುದನ್ನು ಎಂಥ ಉಪಾಯದಿಂದ ಕೇಳಿದರೂ ಕೊಡದೆ ಇರಬೇಕು.

ಈ ಕಾರ್ಯವು ವೆಬ್ಬಿನಷ್ಟೇ ಹಳೆಯದು. ಆರಂಭದ ದಿನಗಳಲ್ಲಿ ವೆಬ್ ಎಂದರೆ ಇದಿಷ್ಟೇ ಆಗಿತ್ತೆಂದರೂ ತಪ್ಪಲ್ಲ. ಜಿನೀವಾದ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ತಮ್ಮ ಯೋಜನೆಯನ್ನು ಮುಂದಿಟ್ಟು, 1990ರ ಕೊನೆಯ ಹೊತ್ತಿಗೆ ನೆಕ್ಸ್ಟ್ ಕಂಪ್ಯೂಟರೊಂದರ ಮೇಲೆ ಮೊತ್ತಮೊದಲ ಸರ್ವರನ್ನೂ ಬ್ರೌಸರನ್ನೂ ನಡೆಸಿ ತೋರಿಸಿದಾಗ ಅವೆರಡರ ನಡುವಣ ಸಂಭಾಷಣೆ ಅತ್ಯಂತ ಮಿತವಾದದ್ದಾಗಿತ್ತು. ಬ್ರೌಸರು ‘ಗೆಟ್’ ಎಂಬ ಆಜ್ಞೆಯ ಮುಂದೆ ಕಡತದ ಹಾದಿಯನ್ನು ಸೇರಿಸಿ ಒಂದೇ ಒಂದು ಸಾಲನ್ನು ಕಳುಹಿಸುವುದು, ಸರ್ವರು ಆ ಕಡತವನ್ನು ಮೊದಲಿಂದ ಕೊನೆಯವರೆಗೆ ಹರಿಯಬಿಟ್ಟು ಸಂಪರ್ಕವನ್ನು ಮುಗಿಸುವುದು, ಅಷ್ಟೇ. ಮುಂದೆ ಎಚ್‌ಟಿಟಿಪಿ 0.9 ಎಂದು ಕರೆಯಿಸಿಕೊಂಡ ಈ ಪದ್ಧತಿಯಲ್ಲಿ ಕಡತದ ಬಗೆಯನ್ನು ತಿಳಿಸುವ ಶೀರ್ಷಿಕೆಯಾಗಲಿ, ಕೆಲಸ ನೆರವೇರಿತೋ ಇಲ್ಲವೋ ಎಂದು ಹೇಳುವ ಸಂಖ್ಯೆಯಾಗಲಿ ಇರಲಿಲ್ಲ. ಆದರೆ ಚರವರ್ಗದ ಬೇಡಿಕೆಯೂ ಬಹಳ ಕಾಲ ಕಾಯಲಿಲ್ಲ. 1991ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ರೇಖೀಯ ವೇಗವರ್ಧಕ ಕೇಂದ್ರದಲ್ಲಿ ಅಮೆರಿಕದ ಮೊದಲ ವೆಬ್ ಸರ್ವರು ನೆಲೆಗೊಂಡದ್ದು, ಸ್ಪೈರ್ಸ್ ಎಂಬ ಭೌತವಿಜ್ಞಾನ ಪ್ರಬಂಧಗಳ ಡೇಟಾಬೇಸನ್ನು ದೂರದ ವಿದ್ವಾಂಸರಿಗೆ ತೆರೆದಿಡುವ ಉದ್ದೇಶದಿಂದಲೇ. ಇಲಿನಾಯ್ ವಿಶ್ವವಿದ್ಯಾನಿಲಯದ ಎನ್‌ಸಿಎಸ್‌ಎ ಸಂಸ್ಥೆಯಲ್ಲಿ ರಾಬ್ ಮೆಕೂಲ್ ಅವರು ಬರೆದ ಸರ್ವರು 1993ರಲ್ಲಿ ಬಂದಾಗ, ಕಡತಗಳನ್ನು ಕೊಡುವ ಕೆಲಸವನ್ನು ತನ್ನಲ್ಲಿಟ್ಟುಕೊಂಡು ಉತ್ತರವನ್ನು ರಚಿಸುವ ಕೆಲಸವನ್ನು ಸಿಜಿಐ ಎಂಬ ಒಡಂಬಡಿಕೆಯ ಮೂಲಕ ಹೊರಗಿನ ಪ್ರೋಗ್ರಾಮಿಗೆ ವಹಿಸಿಕೊಡುವ ವಿಭಾಗಕ್ರಮವು ರೂಢಿಗೆ ಬಂದಿತು. ಆ ಸರ್ವರಿನ ತಿದ್ದುಪಡಿಗಳಿಂದಲೇ ಮೈತಳೆದು 1995ರಲ್ಲಿ ಹೊರಬಂದ ಅಪಾಚೆಯು ಒಂದೇ ವರ್ಷದೊಳಗೆ ಜಗತ್ತಿನಲ್ಲಿ ಅತ್ಯಧಿಕವಾಗಿ ಬಳಕೆಯಲ್ಲಿರುವ ಸರ್ವರೆನಿಸಿತು.

ವಿಳಾಸದಲ್ಲಿರುವ ಹಾದಿಗೂ ಡಿಸ್ಕಿನ ಮೇಲಿರುವ ಹಾದಿಗೂ ಸಂಬಂಧ ಕಲ್ಪಿಸುವುದು ಈ ಕಾರ್ಯದ ಮೊದಲ ಹೆಜ್ಜೆ. ಸರ್ವರಿನ ಒಡೆಯನು ಒಂದು ಫೋಲ್ಡರನ್ನು ಮೂಲವೆಂದು ಗೊತ್ತುಮಾಡುತ್ತಾನೆ. ಬಂದ ವಿಳಾಸದ ಹಾದಿಯನ್ನು ಅದರ ಮುಂದೆ ಜೋಡಿಸಿದರೆ ಕಡತ ದೊರೆಯುತ್ತದೆ. ಇಷ್ಟು ಸರಳವಾದ ಈ ಜೋಡಣೆಯಲ್ಲಿಯೇ ವೆಬ್ ಸರ್ವರುಗಳ ಇತಿಹಾಸದ ಅತಿ ದೊಡ್ಡ ಅನಾಹುತಗಳು ಹುಟ್ಟಿವೆಯೆಂಬುದನ್ನು ಮರೆಯಲಾಗದು. ಕಡತವ್ಯವಸ್ಥೆಯಲ್ಲಿ ಎರಡು ಚುಕ್ಕೆಗಳಿಗೆ ‘ಮೇಲಿನ ಫೋಲ್ಡರು’ ಎಂಬ ಅರ್ಥವಿರುವುದರಿಂದ, ವಿಳಾಸದ ನಡುವೆ ಚುಕ್ಕೆಯ ಜೋಡಿಗಳನ್ನು ಸಾಲಾಗಿ ಇಟ್ಟು ಕೇಳಿದವನು ಮೂಲ ಫೋಲ್ಡರಿನಿಂದ ಮೇಲೇರಿ, ಸರ್ವರಿನ ಯಾವ ಮೂಲೆಯಲ್ಲಿರುವ ಕಡತವನ್ನಾದರೂ ಮುಟ್ಟಬಲ್ಲನು. ಇದನ್ನು ಬಲ್ಲ ಸರ್ವರುಗಳು ಚುಕ್ಕೆಯ ಜೋಡಿಯನ್ನು ಕಂಡೊಡನೆ ತಡೆಯುತ್ತವೆ. ತೊಡಕಿರುವುದು, ಅದೇ ಚುಕ್ಕೆಯನ್ನೂ ಅದೇ ಓರೆಗೆರೆಯನ್ನೂ ಬೇರೆ ವೇಷದಲ್ಲಿ ಬರೆಯಲು ಹಲವು ಮಾರ್ಗಗಳಿರುವುದರಲ್ಲಿ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕೇಳುವವನು ಓರೆಗೆರೆಯನ್ನು ಒಂದು ಬೈಟಿಗೆ ಬದಲಾಗಿ ಎರಡು ಬೈಟುಗಳಲ್ಲಿ ಬರೆದಾಗ ಮೈಕ್ರೋಸಾಫ್ಟಿನ ಐಐಎಸ್ ಸರ್ವರು ಮೊದಲು ಪರೀಕ್ಷೆ ಮಾಡಿ ಆಮೇಲೆ ಬಿಡಿಸಿ ಓದುತ್ತಿದ್ದುದರಿಂದ ಮೋಸಹೋಗುತ್ತಿತ್ತು. 2000ದ ಅಕ್ಟೋಬರಿನಲ್ಲಿ ಈ ದೋಷಕ್ಕೆ ಪ್ರಕಟಣೆಯೂ ಪರಿಹಾರವೂ ದೊರೆತಿದ್ದರೂ, ಪರಿಹಾರವನ್ನು ಹಾಕಿಕೊಳ್ಳದ ಯಂತ್ರಗಳನ್ನು ಹುಡುಕಿಕೊಂಡು ಬಂದ ನಿಮ್ಡಾ ಎಂಬ ಹುಳುವು 2001ರ ಸೆಪ್ಟೆಂಬರಿನಲ್ಲಿ ಇದೇ ಬಾಗಿಲಿನಿಂದಲೂ ಒಳನುಗ್ಗಿತು. ಅಕ್ಷರವೊಂದನ್ನು ಅಗತ್ಯಕ್ಕಿಂತ ಹೆಚ್ಚಿನ ಬೈಟುಗಳಲ್ಲಿ ಬರೆದರೆ ಅದನ್ನು ಸ್ವೀಕರಿಸಲೇಕೂಡದೆಂದು 2003ರಲ್ಲಿ ಪರಿಷ್ಕೃತವಾದ ಯುಟಿಎಫ್-8ರ ನಿಯಮವು ಆಗ್ರಹಪೂರ್ವಕವಾಗಿ ಹೇಳಿರುವುದರ ಹಿಂದೆ ಈ ಅನುಭವವಿದೆ.

ಇಪ್ಪತ್ತು ವರ್ಷಗಳ ಅನಂತರವೂ ಪಾಠ ಪೂರ್ಣವಾಗಿರಲಿಲ್ಲವೆಂಬುದಕ್ಕೆ ಅಪಾಚೆ 2.4.49ರ ಪ್ರಕರಣವೇ ಸಾಕ್ಷಿ. 2021ರ ಸೆಪ್ಟೆಂಬರಿನಲ್ಲಿ ಹೊರಟ ಆ ಆವೃತ್ತಿಯಲ್ಲಿ ಹಾದಿಯನ್ನು ಶುದ್ಧಗೊಳಿಸುವ ಭಾಗವನ್ನು ಹೊಸದಾಗಿ ಬರೆದಿದ್ದರು. ಮೊದಲನೆಯ ಚುಕ್ಕೆಯನ್ನು ಚುಕ್ಕೆಯಾಗಿಯೇ ಬರೆದು ಎರಡನೆಯದನ್ನು ಮಾತ್ರ ಶೇಕಡಾ ಚಿಹ್ನೆಯ ಸಂಕೇತದಲ್ಲಿ ಬರೆದರೆ ಆ ಜೋಡಿಯನ್ನು ಹೊಸ ಭಾಗವು ಗುರುತಿಸದೆ ಒಳಗೆ ಬಿಡುತ್ತಿತ್ತು. ಅಕ್ಟೋಬರ್ 4ರಂದು ತಿದ್ದುಪಡಿಯಾಗಿ ಬಂದ 2.4.50 ಸಹ, ಸಂಕೇತದ ಮೇಲೆ ಇನ್ನೊಮ್ಮೆ ಸಂಕೇತವನ್ನು ಹೊದಿಸಿ ಕಳುಹಿಸಿದವರೆದುರು ಸೋತದ್ದರಿಂದ, ಮೂರು ದಿನಗಳಲ್ಲಿಯೇ 2.4.51ನ್ನು ಹೊರಡಿಸಬೇಕಾಯಿತು. ಈ ದಾಳಿಗೆ ತುತ್ತಾದವು ಮೂಲ ಫೋಲ್ಡರಿನ ಹೊರಗಿರುವುದೆಲ್ಲವನ್ನೂ ಸಾರಾಸಗಟಾಗಿ ನಿಷೇಧಿಸಿರದ ಸರ್ವರುಗಳು ಎಂಬ ಸಂಗತಿಯನ್ನು ಗಮನಿಸತಕ್ಕದ್ದು. ಕೆಟ್ಟ ಹಾದಿಗಳನ್ನು ಎಣಿಸಿ ತಡೆಯುವುದಕ್ಕಿಂತ, ಎಲ್ಲ ಸಂಕೇತಗಳನ್ನೂ ಬಿಡಿಸಿ, ಎಲ್ಲ ಕೊಂಡಿಗಳನ್ನೂ ಅನುಸರಿಸಿ, ಕಟ್ಟಕಡೆಗೆ ದೊರೆತ ನಿಜವಾದ ಹಾದಿಯು ಮೂಲ ಫೋಲ್ಡರಿನ ಒಳಗಿದೆಯೇ ಎಂದು ಒಂದೇ ಪ್ರಶ್ನೆ ಕೇಳುವ ಕ್ರಮವೇ ಶ್ರೇಯಸ್ಕರವೆಂದು ಹೇಳದೆ ವಿಧಿಯಿಲ್ಲ. ಸರ್ವರು ನಿರ್ದುಷ್ಟವಾಗಿದ್ದರೂ ಅದರ ಸಂರಚನೆಯನ್ನು ಬರೆಯುವವನ ಒಂದು ಓರೆಗೆರೆ ತಪ್ಪಿದರೆ ಸಾಕು. ಎಂಜಿನ್‌ಎಕ್ಸ್ ಸರ್ವರಿನಲ್ಲಿ ‘/ಸ್ಟ್ಯಾಟಿಕ್’ ಎಂಬ ವಿಳಾಸಕ್ಕೆ ಕೊನೆಯ ಓರೆಗೆರೆಯನ್ನು ಬಿಟ್ಟು, ಅದಕ್ಕೆ ಹೊಂದಿಸಿದ ಫೋಲ್ಡರಿನ ಹೆಸರಿಗೆ ಮಾತ್ರ ಕೊನೆಯ ಓರೆಗೆರೆಯನ್ನು ಇಟ್ಟಿದ್ದರೆ, ‘/ಸ್ಟ್ಯಾಟಿಕ್../’ ಎಂದು ಕೇಳಿದವನಿಗೆ ಒಂದು ಮೆಟ್ಟಿಲು ಮೇಲಿನ ಫೋಲ್ಡರು ಸಿಕ್ಕಿಬಿಡುತ್ತದೆ. ಅಪ್ಲಿಕೇಷನ್ನಿನ ಮೂಲಗ್ರಂಥವೂ ಪಾಸ್‌ವರ್ಡುಗಳೂ ಬಹುವೇಳೆ ಇರುವುದು ಅಲ್ಲಿಯೇ.

ಕಡತ ದೊರೆತ ಮೇಲೆ ಅದರ ಬಗೆಯನ್ನು ಹೇಳಬೇಕು. ವಿದ್ಯುನ್ಮಾನ ಅಂಚೆಯಲ್ಲಿ ಚಿತ್ರಗಳನ್ನೂ ಧ್ವನಿಯನ್ನೂ ಕಳುಹಿಸುವುದಕ್ಕೋಸ್ಕರ ನೇಥನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು 1992ರಲ್ಲಿ ರೂಪಿಸಿದ ಮೈಮ್ ಎಂಬ ವರ್ಗೀಕರಣವನ್ನೇ ವೆಬ್ಬು ಸ್ವೀಕರಿಸಿತು. ಸರ್ವರು ಹೆಸರಿನ ಕೊನೆಯ ಪ್ರತ್ಯಯವನ್ನು ನೋಡಿ ತನ್ನ ಪಟ್ಟಿಯಲ್ಲಿ ಹುಡುಕಿ ಕಂಟೆಂಟ್-ಟೈಪ್ ಎಂಬ ಶೀರ್ಷಿಕೆಯನ್ನು ಬರೆಯುತ್ತದೆ. ಪಟ್ಟಿ ತಪ್ಪಾಗಿದ್ದರೆ ಕಡತ ಸರಿಯಾಗಿದ್ದೂ ಕೆಡುತ್ತದೆ. ಪೈಥಾನ್ ಭಾಷೆಯು ವಿಂಡೋಸ್ ಯಂತ್ರಗಳಲ್ಲಿ ಈ ಪಟ್ಟಿಗಾಗಿ ರಿಜಿಸ್ಟ್ರಿಯನ್ನು ನೋಡುವುದರಿಂದ, ಇನ್ನಾವುದೋ ಪ್ರೋಗ್ರಾಮು ಅಲ್ಲಿ ಜಾವಾಸ್ಕ್ರಿಪ್ಟಿನ ಬಗೆಯನ್ನು ಬರಿಯ ಪಠ್ಯವೆಂದು ಬದಲಿಸಿಟ್ಟಿದ್ದರೆ, ನೆರೆಯ ಮೇಜಿನ ಯಂತ್ರದಲ್ಲಿ ಚೆನ್ನಾಗಿ ನಡೆಯುವ ಪುಟವು ಈ ಯಂತ್ರದಲ್ಲಿ ಬಿಳಿಯ ಹಾಳೆಯಾಗಿ ನಿಲ್ಲುತ್ತದೆ; ಜಾವಾಸ್ಕ್ರಿಪ್ಟ್ ಮಾಡ್ಯೂಲುಗಳನ್ನು ಬರಿಯ ಪಠ್ಯವೆಂದು ಕೊಟ್ಟರೆ ಬ್ರೌಸರು ಅವನ್ನು ನಡೆಸಲು ಒಪ್ಪುವುದಿಲ್ಲ. ಹಿಂದೆ ಬ್ರೌಸರುಗಳು ಸರ್ವರಿನ ಮಾತನ್ನು ಬಿಟ್ಟು ಕಡತದ ಮೊದಲ ಬೈಟುಗಳಿಂದ ಅದರ ಬಗೆಯನ್ನು ಊಹಿಸುತ್ತಿದ್ದುದರಿಂದ, ಚಿತ್ರವೆಂದು ಅಪ್‌ಲೋಡ್ ಮಾಡಿದ ಕಡತದೊಳಗೆ ಪ್ರೋಗ್ರಾಮನ್ನು ಅಡಗಿಸಿಡುವ ವಂಚನೆಗೆ ಅವಕಾಶವಾಗಿತ್ತು. ಊಹೆಯನ್ನು ನಿಷೇಧಿಸುವ ‘ನೋಸ್ನಿಫ್’ ಎಂಬ ಸೂಚನೆಯನ್ನು ಇಂಟರ್ನೆಟ್ ಎಕ್ಸ್‌ಪ್ಲೋರರಿನ ಎಂಟನೆಯ ಆವೃತ್ತಿಯು ಜಾರಿಗೆ ತಂದ ಮೇಲೆ ಇತರ ಬ್ರೌಸರುಗಳೂ ಅದನ್ನು ಅಂಗೀಕರಿಸಿದವು.

ಒಮ್ಮೆ ಕೊಟ್ಟ ಕಡತವನ್ನು ಮತ್ತೆ ಕೊಡದಿರುವುದು ಹೇಗೆಂಬ ಪ್ರಶ್ನೆಯಲ್ಲಿ ಈ ವಿದ್ಯೆಯ ನಿಜವಾದ ಸೂಕ್ಷ್ಮವಿದೆ. 1996ರ ಮೇ ತಿಂಗಳಲ್ಲಿ ದಾಖಲೆಗೆ ಬಂದ ಎಚ್‌ಟಿಟಿಪಿ 1.0ರಲ್ಲಿ, ಕಡತವು ಕೊನೆಯ ಬಾರಿ ಬದಲಾದ ಕಾಲವನ್ನು ಸರ್ವರು ತಿಳಿಸುವುದು, ಮುಂದಿನ ಸಲ ಬ್ರೌಸರು ಅದೇ ಕಾಲವನ್ನು ಹಿಂದಕ್ಕೆ ಹೇಳಿ ‘ಆಮೇಲೆ ಬದಲಾಗಿದ್ದರೆ ಮಾತ್ರ ಕೊಡು’ ಎಂದು ಕೇಳುವುದು, ಬದಲಾಗಿಲ್ಲದಿದ್ದರೆ ಸರ್ವರು ಕಡತವನ್ನು ಕಳುಹಿಸದೆ 304 ಎಂಬ ಸಂಖ್ಯೆಯನ್ನಷ್ಟೇ ಹೇಳಿ ಮುಗಿಸುವುದು ಎಂಬ ಏರ್ಪಾಡು ಇತ್ತು. ಕಾಲವನ್ನು ಸೆಕೆಂಡಿನ ಲೆಕ್ಕದಲ್ಲಿ ಹೇಳುವುದರಿಂದ ಒಂದೇ ಸೆಕೆಂಡಿನೊಳಗೆ ಎರಡು ಸಲ ಬದಲಾದ ಕಡತದ ವಿಷಯದಲ್ಲಿ ಈ ಕ್ರಮವು ವಿಫಲವಾಗುತ್ತದೆ. ಆದುದರಿಂದ 1.1ರಲ್ಲಿ ಈ-ಟ್ಯಾಗ್ ಎಂಬ ಗುರುತನ್ನು ಸೇರಿಸಿದರು. ಅದನ್ನು ಹೇಗೆ ರಚಿಸಬೇಕೆಂಬುದು ಸರ್ವರಿನ ಇಚ್ಛೆ. ಅಪಾಚೆಯು ಬಹುಕಾಲ ಕಡತದ ಗಾತ್ರ ಮತ್ತು ಕಾಲಗಳ ಜೊತೆಗೆ ಡಿಸ್ಕಿನಲ್ಲಿ ಅದಕ್ಕಿರುವ ಐನೋಡ್ ಸಂಖ್ಯೆಯನ್ನೂ ಗುರುತಿನಲ್ಲಿ ಸೇರಿಸುತ್ತಿತ್ತು. ಯಂತ್ರವೊಂದೇ ಆಗಿದ್ದಾಗ ಇದರಿಂದ ಬಾಧಕವಿರಲಿಲ್ಲ. ಒಂದೇ ತಾಣವನ್ನು ನಾಲ್ಕು ಯಂತ್ರಗಳು ಹಂಚಿಕೊಂಡು ನಡೆಸುವ ಕಾಲ ಬಂದಾಗ, ಅಕ್ಷರಶಃ ಒಂದೇ ಆದ ಕಡತಕ್ಕೆ ನಾಲ್ಕು ಯಂತ್ರಗಳು ನಾಲ್ಕು ಗುರುತುಗಳನ್ನು ಕೊಟ್ಟು, ಓದುಗನ ಬಳಿ ಆಗಲೇ ಇದ್ದ ಕಡತವೇ ಮತ್ತೆ ಮತ್ತೆ ಇಳಿಯುವಂತಾಯಿತು. 2.4ನೆಯ ಆವೃತ್ತಿಯಿಂದ ಆ ಸಂಖ್ಯೆಯನ್ನು ರೂಢಿಯ ಗುರುತಿನಿಂದ ಕೈಬಿಟ್ಟಿದ್ದಾರೆ.

ಕೇಳುವುದೇ ಬೇಡವೆಂದು ಮೊದಲೇ ಹೇಳಿಬಿಡುವುದು ಇದಕ್ಕಿಂತ ಮಿಗಿಲಾದ ಉಪಾಯ. ಕ್ಯಾಷ್-ಕಂಟ್ರೋಲ್ ಎಂಬ ಶೀರ್ಷಿಕೆಯಲ್ಲಿ ಸರ್ವರು ಇಷ್ಟು ಸೆಕೆಂಡುಗಳವರೆಗೆ ಈ ಕಡತವನ್ನು ನಂಬಬಹುದೆಂದು ಬರೆದುಕೊಟ್ಟರೆ, ಆ ಅವಧಿ ಮುಗಿಯುವವರೆಗೆ ಬ್ರೌಸರು ತನ್ನ ಬಳಿಯ ಪ್ರತಿಯನ್ನೇ ಬಳಸುತ್ತದೆ. ಸರ್ವರು ಏನನ್ನೂ ಹೇಳದೆ ಮೌನವಾಗಿದ್ದರೂ ಬ್ರೌಸರು ಸುಮ್ಮನಿರುವುದಿಲ್ಲ. ಕಡತವು ಬದಲಾಗದೆ ಉಳಿದಿರುವ ಕಾಲದ ಹತ್ತನೆಯ ಒಂದು ಪಾಲಿನಷ್ಟು ಕಾಲ ಅದನ್ನು ನಂಬಬಹುದೆಂಬ ಸಲಹೆ ನಿಯಮಗ್ರಂಥದಲ್ಲಿಯೇ ಇದೆ. ಏನನ್ನೂ ಗೊತ್ತುಪಡಿಸದೆ ಬಿಟ್ಟ ತಾಣಗಳಲ್ಲಿ ಹಳೆಯ ರೂಪವೂ ಹೊಸ ಪಠ್ಯವೂ ಬೆರೆತು ಪುಟ ವಿಕಾರವಾಗುವುದು ಇದರಿಂದ. ಅವಧಿಯನ್ನು ಒಂದು ವರ್ಷಕ್ಕೆ, ಎಂದರೆ 3,15,36,000 ಸೆಕೆಂಡುಗಳಿಗೆ, ಗೊತ್ತುಮಾಡಿದ ಮೇಲೆ ಕಡತವನ್ನು ತಿದ್ದಬೇಕಾಗಿ ಬಂದರೆ ಗತಿಯೇನು ಎಂಬ ಪ್ರಶ್ನೆಗೆ ಕಂಡುಕೊಂಡ ಉತ್ತರ ಬಲು ಸೊಗಸಾದದ್ದು: ಕಡತದ ಹೆಸರಿನಲ್ಲಿಯೇ ಅದರ ಒಳಗಿನ ಬೈಟುಗಳಿಂದ ಲೆಕ್ಕಹಾಕಿ ತೆಗೆದ ಮುದ್ರೆಯನ್ನು ಸೇರಿಸುವುದು. ಒಂದು ಅಲ್ಪವಿರಾಮ ಬದಲಾದರೂ ಮುದ್ರೆ ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಬ್ರೌಸರಿನ ದೃಷ್ಟಿಯಲ್ಲಿ ಅದು ಹಿಂದೆಂದೂ ಕಾಣದ ಬೇರೊಂದು ಕಡತವಾಗುತ್ತದೆ. ಹೀಗಿರಲಾಗಿ ಆ ಹೆಸರಿನ ಕಡತ ಎಂದೆಂದಿಗೂ ಬದಲಾಗದೆಂದು ಸರ್ವರು ನಿಶ್ಚಿಂತೆಯಿಂದ ಮಾತುಕೊಡಬಹುದು. ‘ಇಮ್ಯೂಟಬಲ್’ ಎಂಬ ಸೂಚನೆಯನ್ನು 2017ರಲ್ಲಿ ನಿಯಮಕ್ಕೆ ಸೇರಿಸಿದ್ದು ಇಂಥ ಕಡತಗಳಿಗಾಗಿಯೇ. ಪುಟವನ್ನು ಮಾತ್ರ ಪ್ರತಿಸಲವೂ ವಿಚಾರಿಸಿಕೊಳ್ಳುವಂತೆ ಇಟ್ಟು, ಅದು ಹೆಸರಿಸುವ ಕಡತಗಳನ್ನೆಲ್ಲ ವರ್ಷದವರೆಗೆ ಬಿಟ್ಟುಬಿಡುವ ಈ ವ್ಯವಸ್ಥೆಯು ವೆಬ್ ನಿರ್ಮಾಣದ ಅತ್ಯಂತ ನಿರ್ಮಲವಾದ ಕಲ್ಪನೆಗಳಲ್ಲಿ ಒಂದೆಂದು ಈ ಲೇಖಕನ ಅಭಿಪ್ರಾಯ. ರೂಬಿ ಆನ್ ರೈಲ್ಸ್ ಎಂಬ ಚೌಕಟ್ಟು 2011ರಲ್ಲಿ ತನ್ನ 3.1ನೆಯ ಆವೃತ್ತಿಯಿಂದ ಇದನ್ನು ಸಾಮಾನ್ಯ ಅಪ್ಲಿಕೇಷನ್ನುಗಳಿಗೆ ಸುಲಭವಾಗಿ ದೊರಕುವಂತೆ ಮಾಡಿತು.

ವೇಗದ ವಿಷಯದಲ್ಲಿ ಕೆಲಸವು ಆಪರೇಟಿಂಗ್ ಸಿಸ್ಟಮ್ಮಿನ ಆಳಕ್ಕೆ ಇಳಿಯುತ್ತದೆ. ಸಾಮಾನ್ಯ ಕ್ರಮದಲ್ಲಿ ಕಡತದ ಬೈಟುಗಳು ಡಿಸ್ಕಿನಿಂದ ಕರ್ನೆಲಿನ ಸ್ಮೃತಿಗೂ, ಅಲ್ಲಿಂದ ಸರ್ವರ್ ಪ್ರೋಗ್ರಾಮಿನ ಸ್ಮೃತಿಗೂ, ಮತ್ತೆ ಕರ್ನೆಲಿನ ನೆಟ್‌ವರ್ಕ್ ಭಾಗಕ್ಕೂ ನಕಲಾಗುತ್ತ ಹೋಗುತ್ತವೆ. ನಡುವಿನ ಪ್ರೋಗ್ರಾಮು ಅವನ್ನು ನೋಡುವುದೂ ಇಲ್ಲ, ಮುಟ್ಟುವುದೂ ಇಲ್ಲ. ಈ ವ್ಯರ್ಥವಾದ ಸುತ್ತನ್ನು ತಪ್ಪಿಸಿ ಕಡತವನ್ನು ನೇರವಾಗಿ ಜಾಲಕ್ಕೆ ಕಳುಹಿಸುವ ‘ಸೆಂಡ್‌ಫೈಲ್’ ಎಂಬ ಆಜ್ಞೆಯು ತೊಂಬತ್ತರ ದಶಕದ ಕೊನೆಯಲ್ಲಿ ಫ್ರೀಬಿಎಸ್‌ಡಿ ಮತ್ತು ಲಿನಕ್ಸ್‌ಗಳಿಗೆ ಬಂದಿತು. ಅದೇ ಕಾಲದಲ್ಲಿ, 1999ರಲ್ಲಿ, ಡ್ಯಾನ್ ಕೆಗೆಲ್ ಅವರು ಒಂದೇ ಯಂತ್ರವು ಏಕಕಾಲಕ್ಕೆ ಹತ್ತು ಸಾವಿರ ಸಂಪರ್ಕಗಳನ್ನು ಏಕೆ ತಾಳಿಕೊಳ್ಳಬಾರದೆಂಬ ಪ್ರಶ್ನೆಯನ್ನು ಎತ್ತಿದರು. ಸಂಪರ್ಕಕ್ಕೊಂದರಂತೆ ಪ್ರೋಸೆಸ್ಸನ್ನು ಮೀಸಲಿಡುವ ಹಳೆಯ ಪದ್ಧತಿಯನ್ನು ಬಿಟ್ಟು, ಕೆಲವೇ ಪ್ರೋಸೆಸ್ಸುಗಳು ಸಿದ್ಧವಾದ ಸಂಪರ್ಕಗಳನ್ನು ಮಾತ್ರ ವಿಚಾರಿಸಿಕೊಳ್ಳುತ್ತ ಸಾವಿರಾರು ಜನರನ್ನು ಸಂಭಾಳಿಸುವಂತೆ ಇಗೊರ್ ಸಿಸೊಯೆವ್ ಅವರು ರಷ್ಯದಲ್ಲಿ 2002ರಲ್ಲಿ ಬರೆಯಲಾರಂಭಿಸಿ 2004ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಎಂಜಿನ್‌ಎಕ್ಸ್ ಸರ್ವರು ಆ ಪ್ರಶ್ನೆಗೆ ದೊರೆತ ಪ್ರಸಿದ್ಧ ಉತ್ತರ.

ಹೀಗಿರುವಾಗ ಅಪ್ಲಿಕೇಷನ್ನೇ ತನ್ನ ಸ್ಥಿರ ಕಡತಗಳನ್ನು ಕೊಡಬಹುದೇ ಎಂಬ ಚರ್ಚೆ ಸಹಜವಾಗಿಯೇ ಹುಟ್ಟಿತು. ಡೇಟಾಬೇಸನ್ನು ವಿಚಾರಿಸಿ ಉತ್ತರ ರಚಿಸುವುದಕ್ಕಾಗಿ ಇಟ್ಟಿರುವ ಪ್ರೋಸೆಸ್ಸನ್ನು ಚಿತ್ರಗಳನ್ನು ಸಾಗಿಸಲು ಹಚ್ಚುವುದೆಂದರೆ, ಗ್ರಂಥಾಲಯದಲ್ಲಿ ಓದುಗರ ಸಂಶಯಗಳನ್ನು ಬಗೆಹರಿಸಬೇಕಾದ ವಿದ್ವಾಂಸನನ್ನು ದಿನವೆಲ್ಲ ಕಪಾಟುಗಳಿಂದ ಪುಸ್ತಕ ಹೊರಲು ಕಳುಹಿಸಿದಂತೆ. ಪುಸ್ತಕಗಳೇನೋ ಬರುತ್ತವೆ, ಸಂಶಯಗಳು ಉಳಿಯುತ್ತವೆ. ಅಮೆರಿಕದ ಕ್ಯಾನ್ಸಸ್ ಪ್ರಾಂತದ ಲಾರೆನ್ಸ್ ಪಟ್ಟಣದ ಪತ್ರಿಕಾಲಯದಲ್ಲಿ ಹುಟ್ಟಿ 2005ರಲ್ಲಿ ಪ್ರಕಟವಾದ ಜ್ಯಾಂಗೋ ಚೌಕಟ್ಟು ಈ ವಿಷಯದಲ್ಲಿ ಮೊದಲಿಂದಲೂ ಕಟ್ಟುನಿಟ್ಟಾಗಿತ್ತು. ಬರೆಯುವವನ ಅನುಕೂಲಕ್ಕಾಗಿ ಅಭ್ಯಾಸದ ಸರ್ವರು ಕಡತಗಳನ್ನು ಕೊಡುತ್ತದೆಯಾದರೂ, ಅದು ಅದಕ್ಷವೆಂದೂ ಪ್ರಾಯಶಃ ಅಸುರಕ್ಷಿತವೆಂದೂ ಕೈಪಿಡಿಯೇ ಎಚ್ಚರಿಸುತ್ತದೆ. ದೋಷಶೋಧನೆಯ ಸ್ಥಿತಿಯನ್ನು ನಿಲ್ಲಿಸಿದೊಡನೆ ಆ ಸೌಕರ್ಯ ನಿಂತುಹೋಗುತ್ತದೆ. ಮೊದಲ ಬಾರಿ ತಾಣವನ್ನು ಹೊರಗೆ ನಿಲ್ಲಿಸಿದವನು, ಪಠ್ಯವೆಲ್ಲ ಇದ್ದೂ ಬಣ್ಣವಾಗಲಿ ಚಿತ್ರವಾಗಲಿ ಇಲ್ಲದೆ ಬೋಳಾಗಿ ನಿಂತ ಪುಟವನ್ನು ಕಂಡು ಬೆದರುವುದು ಇದರಿಂದಲೇ. 2011ರಲ್ಲಿ ಬಂದ 1.3ನೆಯ ಆವೃತ್ತಿಯು, ಅಪ್ಲಿಕೇಷನ್ನಿನೊಡನೆ ಹುಟ್ಟಿದ ಕಡತಗಳನ್ನೂ ಬಳಕೆದಾರರು ಅಪ್‌ಲೋಡ್ ಮಾಡಿದ ಕಡತಗಳನ್ನೂ ಬೇರ್ಪಡಿಸಿ, ಮೊದಲನೆಯವು ಹಲವು ಫೋಲ್ಡರುಗಳಲ್ಲಿ ಚದರಿದ್ದರೂ ಒಂದೇ ಕಡೆ ಕೂಡಿಸಿಕೊಡುವ ‘ಕಲೆಕ್ಟ್‌ಸ್ಟ್ಯಾಟಿಕ್’ ಆಜ್ಞೆಯನ್ನು ತಂದಿತು. ಈ ಭೇದ ಮುಖ್ಯವಾದದ್ದು: ಮೊದಲನೆಯವು ಬರೆದವನ ಕೈಬರಹ, ಎರಡನೆಯವು ಅಪರಿಚಿತರ ಕೈಬರಹ, ಎರಡನ್ನೂ ಒಂದೇ ವಿಶ್ವಾಸದಿಂದ ಒಂದೇ ಡೊಮೇನಿನಿಂದ ಕೊಡುವುದು ಅಪಾಯಕರ. ಇತ್ತೀಚೆಗೆ ವೈಟ್‌ನಾಯ್ಸ್‌ನಂಥ ಸಾಧನಗಳು, ಕಡತಗಳ ಪ್ರತಿಗಳನ್ನು ಇಟ್ಟುಕೊಂಡು ಹಂಚುವ ವಿತರಣಜಾಲವೊಂದು ಮುಂದೆ ನಿಂತಿರುವಾಗ ಅಪ್ಲಿಕೇಷನ್ನು ಪ್ರತಿ ಕಡತವನ್ನು ಕೆಲವೇ ಸಲ ಕೊಡಬೇಕಾಗುವುದರಿಂದ ಹಳೆಯ ಭೀತಿಗೆ ಕಾರಣವಿಲ್ಲವೆಂದು ವಾದಿಸುತ್ತವೆ. ಸಣ್ಣ ತಾಣಗಳ ಮಟ್ಟಿಗೆ ಆ ವಾದ ಒಪ್ಪತಕ್ಕದ್ದೇ.

ಅನುಮತಿಯುಳ್ಳವರಿಗೆ ಮಾತ್ರ ಕೊಡಬೇಕಾದ ಕಡತಗಳು, ಉದಾಹರಣೆಗೆ ರೋಗಿಯ ಪರೀಕ್ಷಾವರದಿ ಅಥವಾ ಹಣತೆತ್ತು ಕೊಂಡ ಪುಸ್ತಕ, ಸ್ಥಿರ ಮತ್ತು ಚರ ವರ್ಗಗಳ ನಡುವೆ ನಿಲ್ಲುತ್ತವೆ. ಇಲ್ಲಿ ಅಪ್ಲಿಕೇಷನ್ನು ಕೇಳಿದವನ ಅಧಿಕಾರವನ್ನು ಪರೀಕ್ಷಿಸಿ, ಕಡತವನ್ನು ತಾನು ಕಳುಹಿಸದೆ, ಅದರ ಒಳಹಾದಿಯನ್ನು ಒಂದು ಶೀರ್ಷಿಕೆಯಲ್ಲಿ ಬರೆದು ಮುಂದಿನ ಸರ್ವರಿಗೆ ಒಪ್ಪಿಸುತ್ತದೆ. ಎಂಜಿನ್‌ಎಕ್ಸ್ ಆ ಶೀರ್ಷಿಕೆಯನ್ನು ತೆಗೆದುಹಾಕಿ ಕಡತವನ್ನು ತಾನೇ ರವಾನಿಸುತ್ತದೆ.

ದೊಡ್ಡ ವಿಡಿಯೊ ಕಡತದ ನಡುವಿನ ಭಾಗವನ್ನಷ್ಟೇ ಕೇಳಿ 206ರ ಉತ್ತರದೊಡನೆ ಪಡೆಯುವ ಸೌಲಭ್ಯವೂ ಎಚ್‌ಟಿಟಿಪಿ 1.1ರಲ್ಲಿದೆ, ನೋಡುವವನು ಮುಂದಕ್ಕೆ ಸರಿಸಿದಾಗ ವಿಡಿಯೊ ಅಲ್ಲಿಂದಲೇ ಆರಂಭವಾಗುವುದು ಇದರ ಬಲದಿಂದ. ದೂರದ ಸಮಸ್ಯೆ ಬೇರೆಯ ಜಾತಿಯದು. ಬೋಸ್ಟನ್ನಿನ ಸರ್ವರು ಎಷ್ಟೇ ಚುರುಕಾಗಿದ್ದರೂ ಬೆಂಗಳೂರಿಗೆ ಬರುವ ಬೆಳಕಿನ ಕಾಲವನ್ನು ಅದು ಕಡಿಮೆಮಾಡಲಾರದು. ಕಡತದ ಪ್ರತಿಗಳನ್ನು ಓದುಗನ ಸಮೀಪದ ಯಂತ್ರಗಳಲ್ಲಿ ಹಂಚಿಡುವುದೇ ಇದಕ್ಕೆ ಪರಿಹಾರ. ಎಂಐಟಿಯ ಗಣಿತಜ್ಞ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡೇನಿಯಲ್ ಲೆವಿನ್ ಸಂಗಡಿಗರೊಡನೆ 1997ರಲ್ಲಿ ಪ್ರಕಟಿಸಿದ ಒಂದು ಪ್ರಬಂಧವು, ಯಂತ್ರಗಳು ಸೇರುತ್ತ ಬಿಡುತ್ತ ಇದ್ದರೂ ಯಾವ ಕಡತ ಯಾವ ಯಂತ್ರದಲ್ಲಿದೆಯೆಂಬ ಲೆಕ್ಕ ಬುಡಮೇಲಾಗದಂತೆ ಹಂಚುವ ಹ್ಯಾಷಿಂಗ್ ಕ್ರಮವನ್ನು ವಿವರಿಸಿತು. ಮರುವರ್ಷ ಆ ಇಬ್ಬರೂ ಸ್ಥಾಪಿಸಿದ ಅಕಮೈ ಸಂಸ್ಥೆಯಿಂದ ವಿತರಣಜಾಲಗಳ ಯುಗ ಆರಂಭವಾಯಿತು. ಲೆವಿನ್ ಅವರು 2001ರ ಸೆಪ್ಟೆಂಬರ್ 11ರಂದು ಅಪಹೃತವಾದ ವಿಮಾನದಲ್ಲಿ ಮೂವತ್ತೊಂದನೆಯ ವಯಸ್ಸಿನಲ್ಲಿ ಮಡಿದರು.

ಕನ್ನಡದ ಕಡತಗಳಿಗೆ ಸಂಬಂಧಿಸಿದ ಎರಡು ಸಂಗತಿಗಳನ್ನು ಇಲ್ಲಿ ಹೇಳುವುದು ಉಚಿತ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಆ ಮೂರರಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಇಬ್ಬರಲ್ಲಿ ಒಬ್ಬರೆಂಬಂತೆ ಎರಡೇ ಬಗೆ. ಇಷ್ಟೊಂದು ಪುನರಾವೃತ್ತಿಯಿರುವುದರಿಂದ ಜಿಜಿಪ್ ಅಥವಾ ಬ್ರಾಟ್ಲಿ ಕ್ರಮದಿಂದ ಕುಗ್ಗಿಸಿದಾಗ ಕನ್ನಡ ಪಠ್ಯಕ್ಕೆ ಆಗುವ ಲಾಭ ಗಣನೀಯ, ಕುಗ್ಗಿಸದೆ ಕೊಡುವ ಸರ್ವರಿನಿಂದ ಕನ್ನಡ ಓದುಗನಿಗೆ ಆಗುವ ನಷ್ಟವೂ ಅಷ್ಟೇ ಗಣನೀಯ. ಮತ್ತೊಂದು, ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡುವ ವಿಷಯ. ‘ಕೋಶ’ ಎಂಬ ಹೆಸರನ್ನು ಕೀಲಿಮಣೆಯಿಂದ ಬರೆದಾಗ ಅದು ಸಾಮಾನ್ಯವಾಗಿ ಮೂರು ಸಂಕೇತಗಳು, ಒಂಬತ್ತು ಬೈಟುಗಳು. ಓಕಾರದ ಚಿಹ್ನೆಯನ್ನು ಯುನಿಕೋಡಿನ ಪ್ರಕಾರ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘಚಿಹ್ನೆಗಳೆಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಆಗ ಅದೇ ಹೆಸರು ಐದು ಸಂಕೇತಗಳು, ಹದಿನೈದು ಬೈಟುಗಳಾಗುತ್ತದೆ. ಮ್ಯಾಕ್ ಯಂತ್ರಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆಯು ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್ ಸರ್ವರಿಗೆ ನಕಲಾಗಿ ಬಂದ ಕಡತವನ್ನು ಪುಟದಲ್ಲಿ ಕೂಡಿಸಿ ಬರೆದ ಹೆಸರಿನಿಂದ ಕೇಳಿದರೆ, ಕಣ್ಣಿಗೆ ಎರಡು ಹೆಸರುಗಳೂ ಒಂದೇ ಆಗಿ ಕಂಡರೂ, ಬೈಟುಗಳನ್ನಷ್ಟೇ ಹೋಲಿಸುವ ಸರ್ವರು 404 ಎಂದು ಉತ್ತರಿಸುತ್ತದೆ. ಸರ್ವರುಗಳು ಸಾಮಾನ್ಯವಾಗಿ ಈ ರೂಪಗಳನ್ನು ತಾವಾಗಿ ಹೊಂದಿಸುವುದಿಲ್ಲವಾದುದರಿಂದ, ಕಡತವನ್ನು ಸಂಗ್ರಹಕ್ಕೆ ಸೇರಿಸುವ ಹೊತ್ತಿನಲ್ಲಿಯೇ ಹೆಸರನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದು ಇಡತಕ್ಕದ್ದು.